ತಂತಿ ಉರುಳಿಗೆ ಸಿಕ್ಕ ಪ್ರಾಣಿ, ಒಂಟಿ ಆನೆಮರಿ: ಕೀನ್ಯಾದಲ್ಲಿ ಕಂಡರೆ ಏನು ಮಾಡಬೇಕು, ಹಣ ಯಾರಿಗೆ ಕೊಡಬೇಕು?

ಬಯಲುಹಾದಿ:

ನಮಸ್ಕಾರ. ಆರು ಜನರ ಗುಂಪು ಆಗಸ್ಟಿನಲ್ಲಿ ಮಾಸಾಯಿ ಮಾರಾಕ್ಕೂ ಅಲ್ಲಿಂದ ತ್ಸಾವೊ ಈಸ್ಟ್‌ಗೂ ಹೊರಟಿದೆ. ಲೆನ್ಸು, ಗಾಡಿ, ಹವಾಮಾನದ ಬಗ್ಗೆ ಇಲ್ಲಿ ಬೇಕಾದಷ್ಟು ಚರ್ಚೆ ಆಗಿದೆ. ನನಗೆ ಬೇಕಾಗಿರುವುದು ಬೇರೆ.

1. ಕಾಲಿಗೋ ಕುತ್ತಿಗೆಗೋ ತಂತಿ ಬಿಗಿದುಕೊಂಡ ಪ್ರಾಣಿ ಕಣ್ಣಿಗೆ ಬಿದ್ದರೆ ನಮ್ಮಂಥವರಿಂದ ನಿಜಕ್ಕೂ ಆಗುವ ಉಪಕಾರ ಯಾವುದು? ತಿಳಿಸಿದ ಮೇಲೂ ಕೆಲವು ಸಲ ದಿನಗಟ್ಟಲೆ ಚಿಕಿತ್ಸೆ ಆಗುವುದಿಲ್ಲವಂತೆ. ಯಾಕೆ?

2. ತಾಯಿ ಕಾಣದ ಆನೆಮರಿ ಕಂಡರೆ? ಅದನ್ನು ಹತ್ತಿರದ ಬೇರೊಂದು ಹಿಂಡಿಗೆ ಸೇರಿಸಿಬಿಟ್ಟರೆ ಆಗುವುದಿಲ್ಲವೇ?

3. ಗುಂಪಿನವರು ಸೇರಿ ಸ್ವಲ್ಪ ಹಣ ಕೊಡಬೇಕೆಂದಿದ್ದೇವೆ. ಯಾವ ಬಗೆಯ ಕೆಲಸಕ್ಕೆ ಕೊಟ್ಟರೆ ಸಾರ್ಥಕ?

4. ನಮ್ಮಲ್ಲೊಬ್ಬರು ಅಲ್ಲಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಎರಡು ವಾರ ಸಿಂಹದ ಮರಿಗಳಿಗೆ ಬಾಟಲಿ ಹಾಲು ಕುಡಿಸುವ ‘ಸ್ವಯಂಸೇವೆ’ ಮಾಡಬೇಕೆಂದಿದ್ದಾರೆ. ಅದು ಸರಿಯಾದ ಜಾಗವೋ ಅಲ್ಲವೋ ಎಂದು ಹೇಗೆ ತಿಳಿಯುವುದು?

ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

---

ವೆಟ್_ಗಿರಿ:

ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಗಾಡಿಯಿಂದ ಇಳಿಯಬೇಡಿ, ಹತ್ತಿರ ಹೋಗಬೇಡಿ, ಪ್ರಾಣಿ ಕಣ್ಮರೆಯಾಗಲು ಬಿಡಬೇಡಿ. ಮೊದಲೆರಡನ್ನು ಎಲ್ಲರೂ ಹೇಳುತ್ತಾರೆ. ಮೂರನೆಯದನ್ನು ಪಾಲಿಸುವವರು ಕಡಿಮೆ. ವೈದ್ಯರ ತಂಡ ನೂರಾರು ಕಿಲೋಮೀಟರ್ ದೂರದಿಂದ ಬಂದು ನೋಡಿದಾಗ ಪ್ರಾಣಿಯೇ ಇಲ್ಲ ಎನ್ನುವುದು ಮಾಮೂಲು. ರೇಂಜರ್ ಬಂದು ‘ಇನ್ನು ನಾವು ನೋಡಿಕೊಳ್ಳುತ್ತೇವೆ’ ಎನ್ನುವವರೆಗೆ ಒಂದೇ ಒಂದು ಗಾಡಿ, ಪ್ರಾಣಿ ತಲೆ ಎತ್ತಿ ನೋಡದಷ್ಟು ದೂರದಲ್ಲಿ ನಿಂತು ಕಣ್ಣಿಟ್ಟಿರಬೇಕು. ನಿಮ್ಮ ಅರ್ಧ ದಿನದ ಸಫಾರಿ ಹೋಗುತ್ತದೆ, ಹೋಗಲಿ. ಅಲ್ಲಿ ನಿಮ್ಮಿಂದ ಆಗಬಹುದಾದ ಅತಿ ದೊಡ್ಡ ಸಹಾಯ ಅದೇ.

ನಿಂತಲ್ಲಿಂದಲೇ ಬರೆದಿಟ್ಟುಕೊಳ್ಳಬೇಕಾದ್ದು: ಸಮಯ, ಜಿಪಿಎಸ್ ಅಂಕಿ (ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನಲ್ಲಿ ಸಿಗುತ್ತದೆ), ಯಾವ ಪ್ರಾಣಿ, ಗಂಡೋ ಹೆಣ್ಣೋ, ಜೊತೆಗೆ ಮರಿ ಇದೆಯೇ, ಹಿಂಡಿನಲ್ಲಿ ಎಷ್ಟಿವೆ, ಯಾವ ದಿಕ್ಕಿಗೆ ಹೊರಟಿವೆ, ನೀರು ಎಷ್ಟು ಹತ್ತಿರ. ಗಾಯ ಯಾವ ಕಾಲಿಗೆ ಎಂದು ಹೇಳುವಾಗ ಪ್ರಾಣಿಯ ಎಡ, ಪ್ರಾಣಿಯ ಬಲ ಎಂದೇ ಹೇಳಿ. ಎದುರಿಗೆ ನಿಂತವರ ಎಡಬಲ ಹೇಳಿದರೆ ತಿರುವುಮುರುವಾಗುತ್ತದೆ. ಆ ಕಾಲಿನ ಮೇಲೆ ಭಾರ ಹಾಕುತ್ತಿದೆಯೇ, ತಂತಿಯ ತುದಿ ನೆಲಕ್ಕೆ ಎಳೆಯುತ್ತಿದೆಯೇ, ತಂತಿಯ ಕೆಳಗಿನ ಭಾಗ ಬಾತಿದೆಯೇ ಎಂಬುದನ್ನೂ ನೋಡಿ. ಫೋಟೊ ಎರಡೂ ಪಕ್ಕದಿಂದ ಇರಲಿ. ಆನೆಯಾದರೆ ಕಿವಿ ಪೂರ್ತಿ ಬರುವಂತೆ ತೆಗೆಯಿರಿ. ಕಿವಿಯಂಚಿನ ಹರಕು, ತೂತುಗಳಿಂದಲೇ ಮರುದಿನ ಅದೇ ಆನೆಯನ್ನು ಗುರುತು ಹಿಡಿಯುತ್ತಾರೆ.

ಸುದ್ದಿ ಮುಟ್ಟಿಸುವ ದಾರಿ ನಿಮ್ಮ ಗೈಡ್‌ನ ರೇಡಿಯೊ. ಮಾಸಾಯಿ ಮಾರಾ ಮೀಸಲು ಪ್ರದೇಶ ನರೋಕ್ ಕೌಂಟಿಯ ಆಡಳಿತದಲ್ಲಿದೆ, ಪಶ್ಚಿಮದ ಮಾರಾ ಟ್ರಯಾಂಗಲ್ ಭಾಗವನ್ನು ಮಾರಾ ಕನ್ಸರ್ವೆನ್ಸಿ ನೋಡಿಕೊಳ್ಳುತ್ತದೆ, ತ್ಸಾವೊ ನೇರವಾಗಿ ಸರ್ಕಾರದ ವನ್ಯಜೀವಿ ಇಲಾಖೆಯಾದ ಕೀನ್ಯಾ ವೈಲ್ಡ್‌ಲೈಫ್ ಸರ್ವಿಸ್ ಕೈಯಲ್ಲಿದೆ. ಎಲ್ಲಿಂದ ಕರೆ ಹೋದರೂ ಅರಿವಳಿಕೆ ಕೊಡುವ ನಿರ್ಧಾರ ಆ ಇಲಾಖೆಯ ಪಶುವೈದ್ಯರದ್ದು. ಅನಾಥ ಆನೆಮರಿಗಳನ್ನು ಸಾಕುವ ಶೆಲ್ಡ್ರಿಕ್ ಟ್ರಸ್ಟ್‌ನ ಸಂಚಾರಿ ಚಿಕಿತ್ಸಾ ಗಾಡಿಗಳಲ್ಲಿ ಇರುವವರೂ ಇಲಾಖೆಯ ವೈದ್ಯರೇ. ಇನ್ನು, ಸ್ಥಳವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಇಪ್ಪತ್ತು ಜೀಪು ಬಂದು ಸುತ್ತುವರಿದರೆ ಪ್ರಾಣಿ ಪೊದೆಗೆ ನುಗ್ಗುತ್ತದೆ, ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಉರುಳು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿದ್ದರೆ ಗಾಯವನ್ನು ಓದಲು ಬರುತ್ತದೆ. ಬೇಲಿ ತಂತಿ, ಬ್ರೇಕ್ ಕೇಬಲ್, ಸುಟ್ಟ ಟೈರಿನೊಳಗಿನ ಉಕ್ಕಿನ ಎಳೆ, ಯಾವುದಾದರೂ ನಡೆಯುತ್ತದೆ. ಒಂದು ತುದಿಯನ್ನು ಮರಕ್ಕೆ ಬಿಗಿದು, ಇನ್ನೊಂದರಲ್ಲಿ ಜೀರುಗುಣಿಕೆ ಹಾಕಿ, ಪ್ರಾಣಿ ತಿರುಗುವ ಜಾಡಿನಲ್ಲಿ ತೂಗುಬಿಡುತ್ತಾರೆ. ಗುರಿ ಮಾಂಸದ ಪ್ರಾಣಿ: ಇಂಪಾಲ, ವಿಲ್ಡೆಬೀಸ್ಟ್, ಕಾಡೆಮ್ಮೆ. ಆದರೆ ತಂತಿಗೆ ಯಾರು ಬಂದರೂ ಒಂದೇ. ಆನೆ ಕಾಲಿಟ್ಟು ಜಗ್ಗಿದರೆ ಮರದ ಕಡೆಯ ಗಂಟೇ ಕಿತ್ತುಬರುತ್ತದೆ, ಜೀರುಗುಣಿಕೆ ಮಾತ್ರ ಸಡಿಲವಾಗುವುದಿಲ್ಲ. ಪ್ರತಿ ಹೆಜ್ಜೆಗೂ ಬಿಗಿಯುತ್ತ ಚರ್ಮ, ಸ್ನಾಯು, ಕೊನೆಗೆ ಮೂಳೆಯವರೆಗೆ ಇಳಿಯುತ್ತದೆ. ಹಳೆಯ ಗಾಯದಲ್ಲಿ ತಂತಿ ಹೊರಗೆ ಕಾಣುವುದೇ ಇಲ್ಲ, ಕಾಲಿನ ಸುತ್ತ ಒಂದು ತಗ್ಗು ಗೆರೆ, ಅದರ ಮೇಲೂ ಕೆಳಗೂ ಬಾವು, ಅಷ್ಟೇ. ಸಿಂಹ, ಕತ್ತೆಕಿರುಬಗಳಿಗೆ ಸಾಮಾನ್ಯವಾಗಿ ಕುತ್ತಿಗೆಗೆ ಬೀಳುತ್ತದೆ. ಕೇಸರದೊಳಗೆ ತಂತಿ ಕಾಣದು. ಕುತ್ತಿಗೆಯ ಸುತ್ತ ನೊಣ ಮುತ್ತಿದ್ದರೆ, ಕೇಸರ ಒದ್ದೆಯಾಗಿ ಅಂಟಿಕೊಂಡಿದ್ದರೆ ಅನುಮಾನಪಡಿ. ಉಗಾಂಡದ ಮರ್ಚಿಸನ್ ಫಾಲ್ಸ್ ಕಡೆ ಗಾಡಿಯ ಕಮಾನ್ ಪಟ್ಟಿಯಿಂದ ಮಾಡಿದ, ಕಾಲು ಕಚ್ಚಿ ಹಿಡಿಯುವ ಹಲ್ಲಿನ ಬೋನೂ ಇದೆ. ಅದು ಕಾಲನ್ನೇ ಮುರಿಯುತ್ತದೆ.

ಈಗ ‘ಯಾಕೆ ತಡ’ ಎಂಬುದು. ಅರಿವಳಿಕೆ ಡಾರ್ಟ್ ಹೊಡೆದ ಮೇಲೆ ಆನೆ ಬೀಳಲು ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಅದು ಎಲ್ಲಿಗೂ ಓಡಬಹುದು. ನದಿ ಹತ್ತಿರವಿದ್ದರೆ ನೀರಿಗಿಳಿದು ಮುಳುಗಿ ಸಾಯುತ್ತದೆ. ಸಂಜೆಯಾಗಿದ್ದರೆ ಕತ್ತಲಲ್ಲಿ ಕಳೆದುಹೋಗುತ್ತದೆ. ನಡು ಮಧ್ಯಾಹ್ನವಾದರೆ ಮೈ ಬಿಸಿ ಏರಿ ಸಾಯುತ್ತದೆ. ಪೊದೆ ದಟ್ಟವಾಗಿದ್ದರೆ ಹಿಂಡಿನ ಉಳಿದ ಆನೆಗಳು ಎಲ್ಲಿವೆ ಎಂದೇ ಗೊತ್ತಾಗುವುದಿಲ್ಲ. ಹಾಗಾಗಿ ಒಳ್ಳೆಯ ವೈದ್ಯರು ಎಷ್ಟೋ ಸಲ ಡಾರ್ಟ್ ತುಂಬಿಕೊಂಡು ಬಂದೂ ಹೊಡೆಯದೆ ಮರಳುತ್ತಾರೆ. ನೋಡುವವರಿಗೆ ಅದು ಉದಾಸೀನ ಎನಿಸುತ್ತದೆ. ಆದರೆ ಆ ಸಂಜೆ ಡಾರ್ಟ್ ಹೊಡೆಯದಿದ್ದುದೇ ಪ್ರಾಣಿಯ ಜೀವ ಉಳಿಸಿರಬಹುದು.

ಆನೆಯ ಚಿಕಿತ್ಸೆ ಹೀಗೆ ನಡೆಯುತ್ತದೆ. ಔಷಧ ಎಟಾರ್ಫಿನ್. ದೊಡ್ಡ ಗಂಡಾನೆಗೂ 15ರಿಂದ 20 ಮಿಲಿಗ್ರಾಂ ಸಾಕು. ಮನುಷ್ಯನಿಗೆ ಅದರ ಹನಿಯೂ ಅಪಾಯ, ಆದ್ದರಿಂದ ಡಾರ್ಟ್ ತುಂಬುವ ಮೊದಲೇ ಮನುಷ್ಯರಿಗೆ ಕೊಡುವ ಪ್ರತಿಮದ್ದನ್ನು ಕೈಗೆಟಕುವಲ್ಲಿ ಸಿದ್ಧವಾಗಿಟ್ಟುಕೊಳ್ಳುತ್ತಾರೆ, ಒಬ್ಬರೇ ಎಂದೂ ತುಂಬುವುದಿಲ್ಲ. ಡಾರ್ಟ್ ತೊಡೆ ಅಥವಾ ಪೃಷ್ಠದ ದಪ್ಪ ಸ್ನಾಯುವಿಗೆ ಬೀಳಬೇಕು. ಚರ್ಮದಡಿಯ ಕೊಬ್ಬಿಗೆ ಬಿದ್ದರೆ ಔಷಧ ನಿಧಾನವಾಗಿ ಏರಿ, ಆನೆ ಅರೆ ಮಂಪರಿನಲ್ಲಿ ಮೈಲಿಗಟ್ಟಲೆ ನಡೆಯುತ್ತದೆ.

ಬಿದ್ದ ಕೂಡಲೇ ನೋಡುವುದು ಗಾಯವನ್ನಲ್ಲ, ಬಿದ್ದ ಭಂಗಿಯನ್ನು. ಆನೆಯ ಶ್ವಾಸಕೋಶ ಎದೆಗೂಡಿನ ಗೋಡೆಗೇ ಅಂಟಿಕೊಂಡಿರುತ್ತದೆ. ಎದೆ ಅಲುಗಿದರೆ ಮಾತ್ರ ಉಸಿರು. ಮುಂದಕ್ಕೆ ಕುಸಿದು ಎದೆಯ ಮೇಲೆ ಕೂತುಬಿಟ್ಟರೆ ತನ್ನ ಭಾರಕ್ಕೇ ಉಸಿರುಗಟ್ಟುತ್ತದೆ. ಕೆಲವೇ ನಿಮಿಷಗಳಲ್ಲಿ ಹಗ್ಗ ಹಾಕಿ, ಬೇಕಾದರೆ ಗಾಡಿಯಿಂದ ಎಳೆದು, ಪಕ್ಕಕ್ಕೆ ಮಲಗಿಸಬೇಕು. ಸೊಂಡಿಲನ್ನು ನೇರ ಮಾಡಿ, ತುದಿಯ ಹೊಳ್ಳೆಗೆ ಒಂದು ಸಣ್ಣ ಕಡ್ಡಿ ಅಡ್ಡ ಕೊಟ್ಟು ತೆರೆದಿಡುತ್ತಾರೆ. ಕಿವಿಯನ್ನು ಮಡಚಿ ಕಣ್ಣಿನ ಮೇಲೆ ಹೊದಿಸುತ್ತಾರೆ. ಕಿವಿಯ ಹಿಂಬದಿಗೆ ನೀರು ಸುರಿಯುತ್ತಿರುತ್ತಾರೆ, ಆನೆಯ ಮೈಬಿಸಿ ಇಳಿಯುವ ಜಾಗ ಅದು. ಒಬ್ಬರ ಕೆಲಸ ಉಸಿರು ಎಣಿಸುವುದು ಮಾತ್ರ.

ತಂತಿಯನ್ನು ಬೋಲ್ಟ್ ಕಟರ್‌ನಿಂದ ಕತ್ತರಿಸಿ, ಮಾಂಸದೊಳಗೆ ಹೂತ ಭಾಗವನ್ನು ಫೋರ್ಸೆಪ್ಸ್‌ನಿಂದ ಹುಡುಕಿ ಎಳೆಯುತ್ತಾರೆ. ಎರಡು ಸುತ್ತು ತಂತಿ ಇದ್ದು ಒಂದನ್ನೇ ತೆಗೆದು ಎದ್ದುಹೋದರೆ ಎಲ್ಲ ವ್ಯರ್ಥ, ಅದಕ್ಕೇ ತಂತಿಯ ಎರಡೂ ತುದಿಗಳನ್ನು ಜೋಡಿಸಿ ಪೂರ್ತಿ ಬಂತೇ ಎಂದು ಪರೀಕ್ಷಿಸಬೇಕು. ಸತ್ತ ಮಾಂಸ ಕೆರೆದು, ತೊಳೆದು, ಅಯೋಡಿನ್ ಹಾಕಿ, ಗಾಯಕ್ಕೆ ಹಸಿರು ಜೇಡಿ ಮೆತ್ತುತ್ತಾರೆ. ಅದು ನೊಣ, ಕೊಳೆಯನ್ನು ತಡೆಯುತ್ತದೆ. ಹಲವು ದಿನ ಕೆಲಸ ಮಾಡುವ ಆ್ಯಂಟಿಬಯೋಟಿಕ್ ಸೂಜಿ ಒಂದು. ಕಾಡಾನೆಗೆ ದಿನಾ ಸೂಜಿ ಕೊಡುವಂತಿಲ್ಲವಲ್ಲ. ಡಾರ್ಟ್ ಚುಚ್ಚಿದ ತೂತಿಗೂ ಔಷಧ ತುಂಬುತ್ತಾರೆ, ಅದನ್ನು ಮರೆತರೆ ಅಲ್ಲೇ ಹೊಸ ಕೀವುಗಡ್ಡೆ. ಕೊನೆಗೆ ಪ್ರತಿಮದ್ದು ಕಿವಿಯ ರಕ್ತನಾಳಕ್ಕೆ. ಎಲ್ಲರೂ ಗಾಡಿ ಹತ್ತಿ ಕುಳಿತ ಮೇಲೆಯೇ ಕೊಡುವುದು, ಯಾಕೆಂದರೆ ಎರಡು ಮೂರು ನಿಮಿಷದಲ್ಲಿ ಆನೆ ಎದ್ದು ನಿಲ್ಲುತ್ತದೆ.

ಜಿರಾಫೆಯದು ಇದಕ್ಕಿಂತ ಕಷ್ಟ. ಮಲಗಿದ್ದಷ್ಟೂ ಹೊತ್ತು ಉಸಿರಾಟ, ಮೈಬಿಸಿ, ಹೊಟ್ಟೆಯಿಂದ ಮೇಲೆ ಬಂದ ಮೇವು ಗಂಟಲಿಗೆ ಇಳಿಯುವುದು, ಮೂರೂ ಅಪಾಯ. ಆದ್ದರಿಂದ ಹೆಚ್ಚಿನ ಪ್ರಮಾಣ ಕೊಟ್ಟು ಬೇಗ ಬೀಳಿಸಿ, ಬಿದ್ದ ತಕ್ಷಣ ಪ್ರತಿಮದ್ದು ಕೊಟ್ಟುಬಿಡುತ್ತಾರೆ. ಆಮೇಲಿನ ಕೆಲಸವೆಲ್ಲ ಎಚ್ಚರವಿರುವ ಜಿರಾಫೆಯ ಮೇಲೆ. ಕಣ್ಣಿಗೆ ಬಟ್ಟೆ, ಕಿವಿಗೆ ಹತ್ತಿ, ಕುತ್ತಿಗೆಯ ಮೇಲೆ ಇಬ್ಬರು ಮೂವರು ಕೂತಿರುತ್ತಾರೆ. ಕುತ್ತಿಗೆ ಬೀಸದೆ ಜಿರಾಫೆ ಏಳಲಾರದು, ಹಿಡಿತ ಇರುವುದು ಅಲ್ಲೇ.

ಸಿಂಹಕ್ಕೆ ಮೆಡೆಟೊಮಿಡಿನ್ ಜೊತೆ ಕೆಟಮಿನ್. ಕಣ್ಣು ತೆರೆದೇ ಇರುತ್ತದೆ, ರೆಪ್ಪೆ ಬಡಿಯುವುದಿಲ್ಲ, ಹಾಗಾಗಿ ಮುಲಾಮು ಹಚ್ಚಿ ಕಣ್ಣು ಮುಚ್ಚಬೇಕು. ಕೆಟಮಿನ್‌ಗೆ ಪ್ರತಿಮದ್ದಿಲ್ಲ. ಅದರ ಪ್ರಭಾವ ಇಳಿಯುವ ಮೊದಲೇ ಮೆಡೆಟೊಮಿಡಿನ್‌ಗೆ ಪ್ರತಿಮದ್ದು ಕೊಟ್ಟುಬಿಟ್ಟರೆ ಸಿಂಹ ಅರೆಪ್ರಜ್ಞೆಯಲ್ಲಿ ಒದ್ದಾಡುತ್ತದೆ. ಪೂರ್ತಿ ನಡೆಯುವವರೆಗೆ ಗಾಡಿ ಅಲ್ಲೇ ಕಾಯುತ್ತದೆ, ಕತ್ತೆಕಿರುಬಗಳು ಬಂದರೆ ಓಡಿಸಲು.

---

ಕಾಡುಮಲ್ಲಿಗೆ:

ಆನೆಮರಿಯ ವಿಷಯ ನಾನು ಹೇಳುತ್ತೇನೆ.

ಒಂಟಿ ಮರಿ ಎಂದರೆ ಅನಾಥ ಮರಿ ಎಂದಲ್ಲ. ಮೊದಲು ಹಿಂಡು ಎಲ್ಲಿದೆ ಎಂದು ಹುಡುಕುವುದು. ಬಾವಿಗೋ ಕೆಸರಿಗೋ ಬಿದ್ದ ಮರಿಯನ್ನು ಎತ್ತಿದ ಮೇಲೆ ತಾಯಿ ಸಿಕ್ಕಿದರೆ ಅದೇ ಅತ್ಯುತ್ತಮ ಫಲ. ಮರಿ ಸುಸ್ತಾಗಿ ಮಲಗಿದೆ, ಬೆನ್ನುಮೂಳೆ ಎದ್ದು ಕಾಣುತ್ತಿದೆ, ಕೆನ್ನೆ ಗುಳಿಬಿದ್ದಿದೆ ಎಂದರೆ ಹಾಲು ಸಿಗದೆ ದಿನಗಳಾಗಿವೆ ಎಂದು ಅರ್ಥ. ತಾಯಿಯ ಹೊಟ್ಟೆಯಡಿ ನುಸುಳುವಷ್ಟು ಎತ್ತರದ ಮರಿಗೆ ಒಂದು ವರ್ಷ ತುಂಬಿರುವುದಿಲ್ಲ. ಎರಡು ವರ್ಷದೊಳಗಿನ ಮರಿ ಹಾಲಿಲ್ಲದೆ ಬದುಕುವುದಿಲ್ಲ.

ಬೇರೆ ಹಿಂಡಿಗೆ ಯಾಕೆ ಸೇರಿಸಬಾರದು ಎಂದು ಕೇಳಿದ್ದೀರಿ. ಹಿಂಡು ಮರಿಯನ್ನು ಬಳಿಗೆ ಬಿಟ್ಟುಕೊಂಡೀತು, ಸೊಂಡಿಲಿಂದ ನೇವರಿಸೀತು. ಹಾಲು ಕೊಡುವವರು ಯಾರು? ಹಾಲಿರುವ ಹೆಣ್ಣಾನೆಗೆ ತನ್ನದೇ ಮರಿ ಇರುತ್ತದೆ, ಬರಗಾಲದಲ್ಲಂತೂ ಅದಕ್ಕೇ ಸಾಲದು. ಹಿಂಡು ಮುಂದೆ ನಡೆಯುತ್ತದೆ, ಸೊರಗಿದ ಮರಿ ಹಿಂದೆ ಉಳಿಯುತ್ತದೆ, ರಾತ್ರಿ ಸಿಂಹದ ಪಾಲಾಗುತ್ತದೆ. ಹಾಲು ಬಿಟ್ಟ ವಯಸ್ಸಿನ ಮರಿಯಾದರೆ ಮಾತು ಬೇರೆ.

ನೀವು ಮಾಡಬಾರದ್ದು: ನೀರು ಕುಡಿಸುವುದು, ಹಾಲು ಕುಡಿಸುವುದು, ಮುಟ್ಟುವುದು. ನಿತ್ರಾಣವಾದ ಮರಿಯ ಬಾಯಿಗೆ ಬಾಟಲಿಯಿಂದ ನೀರು ಸುರಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಬಾವಿಗೆ ಬಿದ್ದ ಮರಿಗಳು ಸಾಯುವುದೂ ಬಹುಪಾಲು ಇದರಿಂದಲೇ, ಎತ್ತಿದ ದಿನ ಚೆನ್ನಾಗಿಯೇ ಇದ್ದು ವಾರದ ಮೇಲೆ ಕುಸಿಯುತ್ತವೆ. ಹಸುವಿನ ಹಾಲಿನ ಕೊಬ್ಬು ಆನೆಮರಿಗೆ ಜೀರ್ಣವಾಗುವುದಿಲ್ಲ. ಭೇದಿ ಶುರುವಾದರೆ ಒಂದೆರಡು ದಿನದಲ್ಲಿ ನೀರಿನಂಶ ಬತ್ತಿ ಹೋಗುತ್ತದೆ. ಹಲವು ವರ್ಷ ಒದ್ದಾಡಿ, ಶೆಲ್ಡ್ರಿಕ್ ಟ್ರಸ್ಟ್ ಕಟ್ಟಿದ ಡ್ಯಾಫ್ನಿ ಶೆಲ್ಡ್ರಿಕ್ ಕಂಡುಕೊಂಡದ್ದು, ಮನುಷ್ಯ ಶಿಶುಗಳ ಹಾಲಿನಪುಡಿಯಲ್ಲಿ ತೆಂಗಿನೆಣ್ಣೆಯ ಕೊಬ್ಬಿದ್ದರೆ ಮರಿಗೆ ಒಗ್ಗುತ್ತದೆ ಎಂಬುದನ್ನು. ಮನುಷ್ಯರ ಕೈಯಲ್ಲಿ ಬೆಳೆದು ಉಳಿದ ಎಷ್ಟೋ ಅನಾಥ ಹಸುಳೆ ಆನೆಗಳು ಆ ಒಂದು ಅರಿವಿನ ಋಣದಲ್ಲಿವೆ. ಉತ್ತರ ಕೀನ್ಯಾದ ಸಾಂಬುರುವಿನ ರೆಟೆಟಿ ಆನೆಮರಿ ಕೇಂದ್ರದಲ್ಲಿ ಈಗ ಸುತ್ತಲಿನ ಹಟ್ಟಿಗಳ ಮಹಿಳೆಯರಿಂದ ಕೊಂಡ ಆಡಿನ ಹಾಲನ್ನೇ ಆಧಾರವಾಗಿ ಬಳಸುತ್ತಾರೆ. ಮರಿಗೂ ಒಗ್ಗಿತು, ಹಟ್ಟಿಗಳಿಗೂ ವರಮಾನವಾಯಿತು. 2016ರಲ್ಲಿ ಶುರುವಾದ ಈ ಕೇಂದ್ರ ಸ್ಥಳೀಯ ಸಮುದಾಯದ ಒಡೆತನದ್ದು.

ಹಿಡಿಯುವ ಕೆಲಸಕ್ಕೆ ಆರೆಂಟು ಜನ ಬೇಕು, ಹುಟ್ಟುವಾಗಲೇ ಸುಮಾರು ನೂರು ಕಿಲೋ ಇರುತ್ತದೆ. ಹಿಂದಿನಿಂದ ಬಂದು ತಬ್ಬಿ ಮಲಗಿಸಿ, ಕಣ್ಣಿಗೆ ಬಟ್ಟೆ ಹಾಕಿ, ಹಾಸಿಗೆಯ ಮೇಲೆ ಕಟ್ಟಿ, ಕಿವಿಯ ನಾಳಕ್ಕೆ ಗ್ಲೂಕೋಸ್ ಹಾಕಿ, ಸಣ್ಣ ವಿಮಾನದಲ್ಲಿ ನೈರೋಬಿಯ ಶೆಲ್ಡ್ರಿಕ್ ಟ್ರಸ್ಟ್ ಕೇಂದ್ರಕ್ಕೆ ಒಯ್ಯುತ್ತಾರೆ.

ಅಲ್ಲಿಂದಾಚೆ ಮೂರು ಗಂಟೆಗೊಮ್ಮೆ ಹಾಲು, ಹಗಲೂ ರಾತ್ರಿ. ಮರಿ ಬರಿದೇ ಬಾಟಲಿ ಚೀಪುವುದಿಲ್ಲ. ಸೊಂಡಿಲನ್ನು ತಾಯಿಯ ಮೈಮೇಲೆ ಒರಗಿಸಿ ಕುಡಿಯುವ ಅಭ್ಯಾಸ ಅದರದ್ದು. ಅದಕ್ಕಾಗಿ ಹಗ್ಗಕ್ಕೆ ಒಂದು ಬೂದು ಕಂಬಳಿ ಇಳಿಬಿಟ್ಟು, ಪಾಲಕ ಅದರ ಹಿಂದೆ ನಿಂತು ಬಾಟಲಿ ಮಾತ್ರ ಹೊರಚಾಚುತ್ತಾನೆ. ಮರಿ ಸೊಂಡಿಲಿನ ತುದಿಯಿಂದ ಕಂಬಳಿಯನ್ನು ತಡವಿ, ಒತ್ತಿ, ನೆಮ್ಮದಿಯಾದ ಮೇಲೆ ಬಾಯಿ ಹಾಕುತ್ತದೆ. ರಾತ್ರಿ ಪಾಲಕರು ಅದೇ ಕೊಟ್ಟಿಗೆಯಲ್ಲಿ ಮಲಗುತ್ತಾರೆ, ಆದರೆ ದಿನಾ ಬೇರೆ ಬೇರೆಯವರು. ಒಬ್ಬರಿಗೇ ಅಂಟಿಕೊಂಡ ಮರಿ ಆ ಒಬ್ಬರು ನಾಲ್ಕು ದಿನ ಕಾಣದಿದ್ದರೆ ಹಾಲು ಬಿಟ್ಟು ಸಾಯಲೂಬಹುದು. ದವಡೆ ಹಲ್ಲು ಬರುವಾಗ ಜ್ವರ, ಭೇದಿ, ತೂಕ ಇಳಿಕೆ. ಮೊದಲ ವರ್ಷಗಳಲ್ಲಿ ಮರಿಗಳು ಹೆಚ್ಚಾಗಿ ಕೈಜಾರುವುದು ಆಗಲೇ. ಚಳಿಗೆ ಕಂಬಳಿ, ಬಿಸಿಲಿಗೆ ನೆರಳು, ದಿನಕ್ಕೊಮ್ಮೆ ಕೆಸರಿನ ಸ್ನಾನ.

ಎರಡು ಮೂರು ವರ್ಷವಾದಾಗ ತ್ಸಾವೊದ ವೋಯಿ, ಇಥುಂಬಾ ಅಥವಾ ಕಿಬ್ವೇಜಿಯ ಉಮಾನಿ ಸ್ಪ್ರಿಂಗ್ಸ್‌ಗೆ ಕಳಿಸುತ್ತಾರೆ. ಹಗಲು ಕಾಡು, ರಾತ್ರಿ ಬೇಲಿಯೊಳಗೆ. ಕಾಡಿನ ಆನೆಗಳ ಜೊತೆ ಒಡನಾಟ ಬೆಳೆದು ತಾನಾಗಿ ಹೊರಗುಳಿಯಲು ಎಂಟು ಹತ್ತು ವರ್ಷ ವಯಸ್ಸಾಗಬೇಕು. ಹಾಗೆ ಹೋದ ಹೆಣ್ಣಾನೆಗಳು ತಾವು ಕಾಡಿನಲ್ಲಿ ಹೆತ್ತ ಮರಿಗಳನ್ನು ಕರೆದುಕೊಂಡು ಇಥುಂಬಾಕ್ಕೆ ಬರುವುದುಂಟು.

ನೈರೋಬಿಯಲ್ಲಿ ಬೆಳಗ್ಗೆ 11ರಿಂದ 12ರವರೆಗೆ ಮುಂಗಡ ಬುಕಿಂಗ್ ಮಾಡಿದವರು ಮರಿಗಳನ್ನು ನೋಡಬಹುದು. ನೆಗಡಿ, ಕೆಮ್ಮು ಇದ್ದರೆ ಹೋಗಬೇಡಿ.

---

ಇರುವೆಗೂಡು:

ದೊಡ್ಡ ಪ್ರಾಣಿಗಳ ಮಧ್ಯೆ ಮರೆತುಹೋಗುವ ಎರಡು ಸಂಗತಿ.

ಒಂದು, ಚಿಪ್ಪುಹಂದಿ (ಪ್ಯಾಂಗೊಲಿನ್). ಆಫ್ರಿಕಾದಲ್ಲಿ ನಾಲ್ಕು ಜಾತಿ ಇವೆ. ಲೋಕದ ಎಂಟೂ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ವನ್ಯಜೀವಿ ವ್ಯಾಪಾರದ ಜಾಗತಿಕ ಒಪ್ಪಂದವಾದ ಸೈಟಿಸ್ 2016ರ ಜೊಹಾನ್ಸ್‌ಬರ್ಗ್ ಸಭೆಯಲ್ಲಿ ನಿಷೇಧಿಸಿತು. ರಸ್ತೆಬದಿಯಲ್ಲಿ ಯಾರಾದರೂ ಚೀಲದಲ್ಲಿಟ್ಟು ತೋರಿಸಿದರೆ ‘ಬಿಡಿಸಿದ ಹಾಗಾಗುತ್ತದೆ’ ಎಂದು ದುಡ್ಡು ಕೊಟ್ಟು ಕೊಳ್ಳಬೇಡಿ. ಅದು ಅಪರಾಧ, ಮೇಲಾಗಿ ನಾಳೆ ಇನ್ನೊಂದನ್ನು ಹಿಡಿಯಲು ಮುಂಗಡ ಕೊಟ್ಟಂತೆ. ಜಾಗ, ಸಮಯ, ಗಾಡಿಯ ನಂಬರ್ ಗೈಡ್ ಮೂಲಕ ರೇಂಜರ್‌ಗೆ ಮುಟ್ಟಿಸಿ.

ವಶಪಡಿಸಿಕೊಂಡ ಚಿಪ್ಪುಹಂದಿ ದಿನಗಟ್ಟಲೆ ಉಪವಾಸ ಇದ್ದು, ನೀರಿಲ್ಲದೆ ಬತ್ತಿ, ಅನೇಕ ಸಲ ನ್ಯುಮೋನಿಯಾದೊಂದಿಗೆ ಬರುತ್ತದೆ. ಮೊದಲು ಬೆಚ್ಚಗಿನ ಕತ್ತಲೆ ಜಾಗ, ದ್ರವ. ಆಹಾರ ನಿಧಾನವಾಗಿ. ಹಸಿದ ದೇಹಕ್ಕೆ ಒಮ್ಮೆಲೇ ಹೊಟ್ಟೆ ತುಂಬ ಕೊಟ್ಟರೆ ರಕ್ತದ ಲವಣಗಳು ಏರುಪೇರಾಗಿ ಹೃದಯ ನಿಲ್ಲಬಹುದು. ತಟ್ಟೆಯಲ್ಲಿಟ್ಟದ್ದನ್ನು ಸಾಮಾನ್ಯವಾಗಿ ತಿನ್ನುವುದಿಲ್ಲ. ಪಾಲಕರು ದಿನಾ ಗಂಟೆಗಟ್ಟಲೆ ಬಯಲಿಗೆ ಕರೆದೊಯ್ದು, ಅದು ತನಗೆ ಬೇಕಾದ ಜಾತಿಯ ಇರುವೆ, ಗೆದ್ದಲನ್ನು ಮೂಸಿ ಅಗೆದು ತಿನ್ನುವವರೆಗೆ ಹಿಂದೆ ಹಿಂದೆ ನಡೆಯಬೇಕು. ಹೋಗುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ ತೂಕ. ಬಿಡುವಾಗ ಚಿಪ್ಪಿಗೆ ರೇಡಿಯೊ ಟ್ಯಾಗ್ ಹಾಕಿ, ತೂಕ ಇಳಿದರೆ ಮತ್ತೆ ಹಿಡಿದು ತರುತ್ತಾರೆ. ಜಿಂಬಾಬ್ವೆಯ ಟಿಕಿ ಹೈವುಡ್ ಫೌಂಡೇಶನ್ ಈ ನಡೆದಾಡಿಸುವ ಪದ್ಧತಿಗೆ ಹೆಸರಾದದ್ದು.

ಮಾರಾದ ಪಕ್ಕದ ನ್ಯಾಕ್ವೇರಿ ಕಾಡಿನಲ್ಲಿ ದೈತ್ಯ ಚಿಪ್ಪುಹಂದಿ ಇದೆ. ಅಲ್ಲಿ ಅದರ ಮೊದಲ ಶತ್ರು ವಿದ್ಯುತ್ ಬೇಲಿ. ಕೆಳಗಿನ ತಂತಿ ಮೈಗೆ ತಾಗಿದರೆ ಹೆದರಿ ಸುರುಳಿ ಸುತ್ತಿಕೊಳ್ಳುತ್ತದೆ, ಸುತ್ತಿಕೊಳ್ಳುವುದು ಆ ತಂತಿಯನ್ನೇ. ಷಾಕ್ ನಿಲ್ಲುವುದಿಲ್ಲ, ಹಿಡಿತವೂ ಬಿಡುವುದಿಲ್ಲ. ಆನೆ ತಡೆಯಲು ಕೆಳಗಿನ ತಂತಿ ಬೇಕಾಗಿಲ್ಲ. ಅದನ್ನು ತೆಗೆಯಲು ಅಥವಾ ಅದರ ವಿದ್ಯುತ್ ಕಡಿಯಲು ಜಮೀನಿನವರನ್ನು ಒಪ್ಪಿಸುವ ಕೆಲಸ ನಡೆದಿದೆ.

ಎರಡು, ರಣಹದ್ದು. ಸತ್ತ ಪ್ರಾಣಿಯ ಸುತ್ತ ಹಲವು ರಣಹದ್ದುಗಳು ಸತ್ತೋ ತೂಕಡಿಸುತ್ತಲೋ ಬಿದ್ದಿದ್ದರೆ, ನೊಣಗಳೂ ಸತ್ತಿದ್ದರೆ, ಅದು ವಿಷ. ಹೆಚ್ಚಾಗಿ ಕಾರ್ಬೊಫ್ಯೂರಾನ್ ಎಂಬ ಕೀಟನಾಶಕ. ದನ ಕಳೆದುಕೊಂಡವರು ಸಿಂಹಕ್ಕೆಂದು ಇಟ್ಟದ್ದು, ಇಲ್ಲವೇ ಆಕಾಶದಲ್ಲಿ ಹದ್ದು ಸುತ್ತಿ ರೇಂಜರ್‌ಗಳಿಗೆ ಸುಳಿವು ಕೊಡಬಾರದೆಂದು ಆನೆಗಳ್ಳರು ಇಟ್ಟದ್ದು. 2019ರಲ್ಲಿ ಬೋಟ್ಸ್ವಾನಾದಲ್ಲಿ ಒಂದೇ ಪ್ರಕರಣದಲ್ಲಿ ಐನೂರಕ್ಕೂ ಹೆಚ್ಚು ರಣಹದ್ದುಗಳು ಸತ್ತವು. ಈ ವಿಷ ಚರ್ಮದಿಂದಲೂ ಇಳಿಯುತ್ತದೆ, ಬರಿಗೈಯಲ್ಲಿ ಏನನ್ನೂ ಮುಟ್ಟಬೇಡಿ. ಕರೆ ಬೇಗ ಹೋದಷ್ಟೂ ಹಕ್ಕಿಗಳು ಉಳಿಯುತ್ತವೆ. ಕಳೇಬರವನ್ನು ಪೂರ್ತಿ ಸುಟ್ಟು ಬೂದಿ ಮಾಡುವವರೆಗೆ ಮತ್ತೆ ಮತ್ತೆ ಹಕ್ಕಿಗಳು ಇಳಿಯುತ್ತಲೇ ಇರುತ್ತವೆ. ಬದುಕಿರುವವನ್ನು ತಂಡದವರು ನೆರಳಲ್ಲಿ ನೆಟ್ಟಗೆ ಕೂರಿಸಿ, ಗಂಟಲ ಬುಡದ ಅನ್ನಚೀಲ ಖಾಲಿ ಮಾಡಿ, ಪ್ರತಿಮದ್ದಾಗಿ ಅಟ್ರೋಪಿನ್ ಕೊಡುತ್ತಾರೆ.

---

ಲೆಕ್ಕಪತ್ರ:

3 ಮತ್ತು 4ನೆಯ ಪ್ರಶ್ನೆಗಳಿಗೆ.

ನಾಲ್ಕನೆಯದು ಸುಲಭ: ಬೇಡ. ಸಿಂಹದ ಮರಿಯನ್ನು ತಾಯಿಯಿಂದ ಬೇರ್ಪಡಿಸದೆ ನಿಮ್ಮ ಗೆಳೆಯರ ಕೈಗೆ ಬಾಟಲಿ ಬರಲು ಸಾಧ್ಯವಿಲ್ಲ. ಮನುಷ್ಯರ ಮಡಿಲಲ್ಲಿ ಬೆಳೆದ ಸಿಂಹವನ್ನು ಕಾಡಿಗೆ ಬಿಡುವಂತಿಲ್ಲ, ಅದಕ್ಕೆ ಮನುಷ್ಯರ ಭಯವೇ ಇರುವುದಿಲ್ಲ. ಮರಿ ಬೆಳೆದ ಮೇಲೆ ಪ್ರವಾಸಿಗರ ಜೊತೆ ‘ನಡಿಗೆ’, ಆಮೇಲೆ ಬೇಲಿಯೊಳಗಿನ ಬೇಟೆ ಅಥವಾ ಮೂಳೆ ವ್ಯಾಪಾರ. ಸೆರೆಯಲ್ಲಿ ಸಿಂಹ ಸಾಕುವ ಈ ಉದ್ಯಮವನ್ನು ಕೊನೆಗೊಳಿಸಬೇಕೆಂದು ದಕ್ಷಿಣ ಆಫ್ರಿಕಾ ಸರ್ಕಾರ ನೇಮಿಸಿದ ಸಮಿತಿಯೇ 2021ರಲ್ಲಿ ಶಿಫಾರಸು ಮಾಡಿತು. ಕೇಂದ್ರಕ್ಕೆ ಕೇಳಬೇಕಾದ ಪ್ರಶ್ನೆ ಇಷ್ಟೇ: ಈ ಮರಿಗಳ ತಾಯಂದಿರು ಎಲ್ಲಿ? ಕಳೆದ ಐದು ವರ್ಷದ ಮರಿಗಳು ಈಗ ಎಲ್ಲಿವೆ? ಇಲ್ಲಿ ಪ್ರಾಣಿಗಳು ಮರಿ ಹಾಕುತ್ತವೆಯೇ? ನಿಜವಾದ ಆಶ್ರಯಧಾಮದಲ್ಲಿ ಮರಿ ಹುಟ್ಟಲು ಬಿಡುವುದಿಲ್ಲ, ಪ್ರವಾಸಿಗರಿಗೆ ಮುಟ್ಟಲು ಕೊಡುವುದಿಲ್ಲ. ಆಶ್ರಯಧಾಮಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಜಾಗತಿಕ ಒಕ್ಕೂಟವಿದೆ, ಜಿಎಫ್‌ಎಎಸ್. ಚಿಂಪಾಂಜಿ, ಬೊನೊಬೊ ಕೇಂದ್ರಗಳಾದರೆ ಆಫ್ರಿಕಾದ ವಾನರ ಆಶ್ರಯಧಾಮಗಳ ಒಕ್ಕೂಟವಾದ ಪಾಸಾದ ಸದಸ್ಯರೇ ಎಂದು ನೋಡಿ.

ಅವರಿಗೆ ಕೈಯಾರೆ ದುಡಿಯಲೇಬೇಕೆಂದಿದ್ದರೆ ಕೇಪ್‌ಟೌನ್‌ನ ಸ್ಯಾಂಕಾಬ್ ಇದೆ, 1968ರಿಂದ ಕಡಲಹಕ್ಕಿಗಳನ್ನು ನೋಡಿಕೊಳ್ಳುತ್ತಿದೆ. ಕೆಲಸ ಮೀನು ಕತ್ತರಿಸುವುದು, ಹಾಸು ತೊಳೆಯುವುದು, ಕಚ್ಚುವ ಪೆಂಗ್ವಿನ್ ಹಿಡಿಯುವುದು. ಚಂದದ ಫೋಟೊ ಬರುವುದಿಲ್ಲ. 2000ದಲ್ಲಿ ‘ಟ್ರೆಷರ್’ ಹಡಗು ಮುಳುಗಿ ಎಣ್ಣೆ ಹರಡಿದಾಗ ಸುಮಾರು 19,000 ಎಣ್ಣೆ ಮೆತ್ತಿದ ಪೆಂಗ್ವಿನ್‌ಗಳನ್ನು ತೊಳೆದು ಉಳಿಸಲು ಸಾಧ್ಯವಾದದ್ದು ಸಾವಿರಾರು ಸ್ವಯಂಸೇವಕರು ಇಂಥದೇ ಕೆಲಸ ಮಾಡಿದ್ದರಿಂದ.

ಇನ್ನು ಹಣ. ರಕ್ಷಣೆಯ ವಿಡಿಯೊ ನೋಡಿ ಆ ಒಂದು ಪ್ರಾಣಿಯ ಹೆಸರಿಗೆ ಕೊಡುವುದಕ್ಕಿಂತ, ಸಂಸ್ಥೆಯ ಸಾಮಾನ್ಯ ಖರ್ಚಿಗೆ, ಸಣ್ಣ ಮೊತ್ತವಾದರೂ ಪ್ರತಿ ತಿಂಗಳು ಕೊಡಿ. ಡೀಸೆಲ್, ಟೈರು, ರೇಂಜರ್‌ಗಳ ಸಂಬಳಕ್ಕೆ ಯಾರೂ ಹೆಸರು ಹಾಕಿಸಿ ಕೊಡುವುದಿಲ್ಲ, ಗಾಡಿ ನಿಲ್ಲುವುದು ಅದಕ್ಕೇ. ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಫಲ ಉರುಳು ಕೀಳುವ ಕಾಲ್ನಡಿಗೆ ತಂಡಗಳಿಗೆ ಕೊಟ್ಟ ಹಣದಲ್ಲಿದೆ. ಒಂದು ಆನೆಮರಿಯನ್ನು ಎಂಟು ವರ್ಷ ಸಾಕುವ ಖರ್ಚಿನಲ್ಲಿ ಎಷ್ಟು ತಂತಿ ಕೀಳಬಹುದು ಯೋಚಿಸಿ. ತಾಂಜಾನಿಯದ ಸೆರೆಂಗೆಟಿಯಲ್ಲಿ 2017ರಿಂದ ಇಂಥ ತಂಡವಿದೆ, ಅದರಲ್ಲಿ ಹಿಂದೆ ತಾವೇ ಉರುಳು ಒಡ್ಡುತ್ತಿದ್ದವರೂ ಇದ್ದಾರೆ. ಜಾಡು ಅವರಷ್ಟು ಬೇರೆ ಯಾರಿಗೆ ಗೊತ್ತು?

ಜನರ ಕಡೆಯ ಕೆಲಸವೂ ಅಷ್ಟೇ ಮುಖ್ಯ. ಹೊಲದ ಸುತ್ತ 10 ಮೀಟರಿಗೊಂದು ಜೇನುಪೆಟ್ಟಿಗೆ ತೂಗುಹಾಕಿ ತಂತಿಯಿಂದ ಜೋಡಿಸುತ್ತಾರೆ. ಆನೆ ತಂತಿ ತಳ್ಳಿದರೆ ಪೆಟ್ಟಿಗೆಗಳು ಅಲುಗಿ ಜೇನು ಏಳುತ್ತದೆ, ಜೇನಿಗೆ ಹೆದರಿ ಆನೆ ಹಿಂದೆ ಸರಿಯುತ್ತದೆ. ನಮೀಬಿಯಾದ ಚೀತಾ ಕನ್ಸರ್ವೇಶನ್ ಫಂಡ್ 1994ರಿಂದ ಕುರಿ ಕಾಯುವ ದೊಡ್ಡ ನಾಯಿಗಳನ್ನು ರೈತರಿಗೆ ಕೊಡುತ್ತಿದೆ. ಕುರಿ ಉಳಿದರೆ ಚೀತಾಕ್ಕೆ ಗುಂಡು ಬೀಳುವುದಿಲ್ಲ.

ಕೊಡುವ ಮುನ್ನ ಲೆಕ್ಕ ಪರಿಶೋಧನೆಯ ವರದಿ ಪ್ರಕಟವಾಗಿದೆಯೇ, ಆಯಾ ದೇಶದ ವನ್ಯಜೀವಿ ಇಲಾಖೆಯ ಅನುಮತಿ ಇದೆಯೇ, ಸತ್ತ ಪ್ರಾಣಿಗಳ ಸಂಖ್ಯೆಯನ್ನೂ ವರದಿಯಲ್ಲಿ ಹೇಳುತ್ತಾರೆಯೇ ನೋಡಿ. ಸಾವನ್ನೇ ಹೇಳದ ರಕ್ಷಣಾ ಕೇಂದ್ರ ಏನನ್ನೋ ಮುಚ್ಚಿಡುತ್ತಿದೆ. ಹಳೆ ಬಟ್ಟೆ, ಔಷಧಿ ಮೂಟೆ ಕಟ್ಟಿಕೊಂಡು ಹೋಗಬೇಡಿ, ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲೇ ಬರೆದು ಕೇಳಿ, ದುರ್ಬೀನು ಅಥವಾ ಹೆಡ್‌ಲ್ಯಾಂಪ್ ಬೇಕೆಂದರೆ ಒಯ್ಯಿರಿ.

---

ಬಯಲುಹಾದಿ:

ಎಲ್ಲರಿಗೂ ಧನ್ಯವಾದ. ಗೆಳೆಯರಿಗೆ ತಾಯಂದಿರ ಪ್ರಶ್ನೆ ಕೇಳಿ ಬರೆಯಲು ಹೇಳಿದ್ದೇನೆ. ಲೆಕ್ಕಪತ್ರ ಅವರು ಹೇಳಿದಂತೆ ನೋಡಿದರೆ, ಒಂದೊಂದು ಪ್ರಾಣಿಯ ಚಿಕಿತ್ಸೆಗೆ ಇಷ್ಟು ಖರ್ಚು ಮಾಡುವುದು ಸಂರಕ್ಷಣೆಯ ದೃಷ್ಟಿಯಿಂದ ಸರಿಯೇ? ಮತ್ತೆ, ಘೇಂಡಾಮೃಗದ ಫೋಟೊ ಹಾಕಬಾರದು ಅನ್ನುತ್ತಾರಲ್ಲ, ಅದು ಯಾಕೆ?

---

ವೆಟ್_ಗಿರಿ:

ಲೆಕ್ಕಪತ್ರ ಅವರ ಲೆಕ್ಕವನ್ನು ಪೂರ್ತಿ ಒಪ್ಪಲಾರೆ. ಇಂಪಾಲಕ್ಕೆ ಆ ಲೆಕ್ಕ ಸರಿ. ಆಫ್ರಿಕಾದ ಕಾಡುನಾಯಿಗೆ ಸರಿಯಲ್ಲ. ಇಡೀ ಖಂಡದಲ್ಲಿ ಅವು ಏಳು ಸಾವಿರಕ್ಕಿಂತ ಕಡಿಮೆ, ಒಂದು ಗುಂಪಿನಲ್ಲಿ ಸಾಮಾನ್ಯವಾಗಿ ಮರಿ ಹಾಕುವುದು ಒಂದೇ ಜೋಡಿ. ಆ ಹೆಣ್ಣಿನ ಕುತ್ತಿಗೆಗೆ ತಂತಿ ಬಿದ್ದರೆ ಆ ವರ್ಷದ ಎಲ್ಲ ಮರಿಗಳೂ ಹೋದಂತೆ, ಗುಂಪೇ ಚದುರಬಹುದು. ಜಿಂಬಾಬ್ವೆಯ ಹ್ವಾಂಗೆಯಲ್ಲಿ ಪೇಂಟೆಡ್ ಡಾಗ್ ಕನ್ಸರ್ವೇಶನ್ ತಂಡ ಇವುಗಳಿಗೆ ತಂತಿ ಸಿಕ್ಕಿಕೊಂಡು ತುಂಡಾಗುವಂಥ ಕೊಕ್ಕೆಗಳಿರುವ ಕಾಲರ್ ಹಾಕುತ್ತದೆ. ಒಂದು ನಾಯಿಗೆ ಅಷ್ಟು ಖರ್ಚೇ ಎಂದು ಅನಿಸಬಹುದು, ಉಳಿಯುವುದು ಇಡೀ ಗುಂಪು. ಹೆಣ್ಣಾನೆಯೂ ಹಾಗೆಯೇ: 22 ತಿಂಗಳ ಗರ್ಭ, ನಾಲ್ಕೈದು ವರ್ಷಕ್ಕೊಂದು ಮರಿ. ಬರಗಾಲದಲ್ಲಿ ನೀರು ಎಲ್ಲಿದೆ ಎಂದು ಬಲ್ಲ ಹಿರಿಯಾನೆ ಹೋದರೆ ಹಿಂಡಿಗೇ ಪೆಟ್ಟು. ಬೆಟ್ಟದ ಗೊರಿಲ್ಲಾಗಳಿಗೆ ರುವಾಂಡಾ, ಉಗಾಂಡ, ಕಾಂಗೋದಲ್ಲಿ ಗೊರಿಲ್ಲಾ ಡಾಕ್ಟರ್ಸ್ ತಂಡ ಪಾಲಿಸುವ ನಿಯಮ ನನಗೆ ಸರಿ ಎನಿಸುತ್ತದೆ: ಮನುಷ್ಯರಿಂದಾದ ಗಾಯ, ಕಾಯಿಲೆಗೆ ಚಿಕಿತ್ಸೆ, ಜೀವಕ್ಕೇ ಅಪಾಯವಿದ್ದರೆ ಚಿಕಿತ್ಸೆ, ಗೊರಿಲ್ಲಾಗಳು ತಮ್ಮೊಳಗೆ ಕಾದಾಡಿ ಮಾಡಿಕೊಂಡ ಸಣ್ಣಪುಟ್ಟ ಗಾಯಕ್ಕೆ ಕೈಹಾಕುವುದಿಲ್ಲ. ಸಿಂಹ ಹಿಡಿದು ಬಿಟ್ಟ ಜೀಬ್ರಾವನ್ನು ಯಾಕೆ ಉಳಿಸಲಿಲ್ಲ ಎಂದು ಮಾರಾದಲ್ಲಿ ನಿಮ್ಮ ಗೈಡ್‌ನನ್ನು ಕೇಳಬೇಡಿ. ಅಲ್ಲಿಯೂ ಅದೇ ನಿಯಮ.

ಘೇಂಡಾಮೃಗದ ಫೋಟೊ ಹಾಕಬಹುದು, ಸ್ಥಳ ಹಾಕಬಾರದು, ಕೊಂಬಿಗಾಗಿ ಕೊಲ್ಲುವ ಕಳ್ಳಬೇಟೆಗಾರರಿಗೆ ಅದು ಸುಳಿವಾಗುತ್ತದೆ. ಈಗಿನ ಫೋನು ಪ್ರತಿ ಚಿತ್ರದೊಳಗೆ ಅಕ್ಷಾಂಶ ರೇಖಾಂಶ ಬರೆದಿಡುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ. ಹಿನ್ನೆಲೆಯಲ್ಲಿ ಗುರುತು ಹಿಡಿಯಬಲ್ಲ ಬೆಟ್ಟ, ಗೇಟು, ರಸ್ತೆಯ ಕಲ್ಲು ಇದ್ದರೆ ಆ ಚಿತ್ರ ಬೇಡ, ಮತ್ತು ಊರಿಗೆ ಮರಳಿದ ಮೇಲೆಯೇ ಹಾಕಿ. ಉರುಳು ಬಿದ್ದ ಪ್ರಾಣಿಯ ಚಿತ್ರಕ್ಕೆ ಮಾತ್ರ ಲೊಕೇಶನ್ ಬೇಕು, ಅದು ಹೋಗಬೇಕಾದ್ದು ರೇಂಜರ್‌ಗೆ. ಆರು ಜನರಲ್ಲಿ ಒಬ್ಬರ ಫೋನಿನಲ್ಲಿ ಆನ್ ಇರಲಿ, ಉಳಿದ ಐವರದು ಆಫ್.